ಟಿಯರ್‌ಡ್ರಾಪ್ ಟ್ರೇಲರ್ ಕಟ್ಟುವ ಮುಂಚೆ: ಯಾವುದು ವಾಸಿ, ಯಾರಿಗೆ ವಾಸಿ?

ಟಿಯರ್‌ಡ್ರಾಪ್ ಟ್ರೇಲರ್ ಅಂದರೆ ಚಕ್ರದ ಮೇಲೆ ಒಂದು ಹಾಸಿಗೆ, ಅದರ ಬೆನ್ನಿಗೆ ಒಂದು ಅಡುಗೆಕಟ್ಟೆ. ಅಷ್ಟೇ. ಒಳಗೆ ಎದ್ದು ನಿಲ್ಲಲು ಆಗುವುದಿಲ್ಲ. ಕೂತುಕೊಂಡೇ ಬಟ್ಟೆ ಬದಲಾಯಿಸಬೇಕು, ಅಡುಗೆಯನ್ನು ಹೊರಗೆ ನಿಂತು ಮಾಡಬೇಕು. ಇದು ಒಗ್ಗದವರು ಡೇರೆಯನ್ನೋ ದೊಡ್ಡ ಕ್ಯಾರವಾನನ್ನೋ ನೋಡಿಕೊಳ್ಳುವುದು ಒಳ್ಳೆಯದು. ಒಗ್ಗುವವರಿಗೆ ಇದರಷ್ಟು ಖುಷಿ ಕೊಡುವ ಮರಗೆಲಸ ಇನ್ನೊಂದಿಲ್ಲ.

ಈ ಕಣ್ಣೀರ ಹನಿಯ ಆಕಾರ 1930ರ ದಶಕದ ಅಮೆರಿಕದಿಂದ ಬಂದದ್ದು. ಆಗಿನಿಂದಲೂ ಇದು ಮನೆಯ ಶೆಡ್ಡಿನಲ್ಲಿ ಕಟ್ಟುವ ಗಾಡಿಯೇ. ಇದರ ಅಳತೆಯನ್ನು ತೀರ್ಮಾನ ಮಾಡಿದ್ದೂ ಯಾವ ಎಂಜಿನಿಯರೂ ಅಲ್ಲ, ಪ್ಲೈವುಡ್ ಹಾಳೆ. ಹಾಳೆ ನಾಲ್ಕಡಿ ಅಗಲ, ಎಂಟಡಿ ಉದ್ದ. ಹಾಗಾಗಿ ಟ್ರೇಲರ್ ಕೂಡ ನಾಲ್ಕಡಿ ಅಗಲ, ಎಂಟಡಿ ಉದ್ದ.

ನಾನು ಒಂದು ಟ್ರೇಲರ್ ಕಟ್ಟಿದ್ದೇನೆ. ಅದರ ಹಿಂಬಾಗಿಲನ್ನು ಮಾತ್ರ ಎರಡು ಸಲ ಕಟ್ಟಿದ್ದೇನೆ. ಆ ಎರಡನೇ ಸಲ ಅರ್ಥವಾದದ್ದು ಇಷ್ಟು: ಇದರಲ್ಲಿ ಆಮೇಲೆ ಬದಲಾಯಿಸಬಹುದಾದವು ಕೆಲವು, ಬದಲಾಯಿಸಲು ಆಗದವು ಕೆಲವು. ನಾವೆಲ್ಲ ಬ್ಯಾಟರಿ ಯಾವುದು, ದೀಪ ಯಾವುದು, ಬಣ್ಣ ಯಾವುದು ಅಂತ ವಾರಗಟ್ಟಲೆ ಯೋಚಿಸುತ್ತೇವೆ. ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ಎಲ್ಲಿ ಕೂರಬೇಕು ಅನ್ನುವುದನ್ನು ಒಂದೇ ಸಂಜೆಯಲ್ಲಿ ಮುಗಿಸಿಬಿಡುತ್ತೇವೆ. ಅದು ತಲೆಕೆಳಗು ಲೆಕ್ಕ. ಅದಕ್ಕೇ ಇಲ್ಲಿ ಬದಲಾಯಿಸಲು ಆಗದವುಗಳಿಗೆ ಜಾಗ ಜಾಸ್ತಿ ಕೊಟ್ಟಿದ್ದೇನೆ.

ನಾಲ್ಕಡಿಯೋ, ಐದಡಿಯೋ?

ಮೊದಲು ನೆಲದ ಮೇಲೆ ಟೇಪ್ ಅಂಟಿಸಿ 122 ಸೆಂಟಿಮೀಟರ್ ಅಗಲ ಗುರುತು ಮಾಡಿ. ಜೊತೆಗೆ ಮಲಗುವವರನ್ನೂ ಕರೆದು ಒಂದು ರಾತ್ರಿ ಅದರೊಳಗೇ ಮಲಗಿ. ನಗಬೇಡಿ, ಸುಮ್ನೆ ಮಾಡಿ ನೋಡಿ. ನಾಲ್ಕಡಿಯ ಟ್ರೇಲರ್ ಅಂದರೆ ಇಷ್ಟೇ ಜಾಗ. ಒಬ್ಬರಿಗೆ ಅರಮನೆ. ಇಬ್ಬರಿಗೆ, ಇಬ್ಬರೂ ಹೊರಳದೆ ಮಲಗುವವರಾದರೆ, ಸಾಕು. ನಡುವೆ ನಾಯಿಯೋ ಮಗುವೋ ಬಂದರೆ ಆಗುವುದಿಲ್ಲ.

ಐದಡಿ ಅಂದರೆ 152 ಸೆಂಟಿಮೀಟರ್. ಕ್ವೀನ್ ಹಾಸಿಗೆಯ ಅಗಲವೂ ಅಷ್ಟೇ. ಗೋಡೆ ನೆಲದ ಹಲಗೆಯ ಹೊರಬದಿಗೆ ನಿಂತರೆ ಹಾಸಿಗೆ ಸರಿಯಾಗಿ ಕೂರುತ್ತದೆ. ಗೋಡೆಯನ್ನು ನೆಲದ ಮೇಲೇ ನಿಲ್ಲಿಸಿದರೆ ಎರಡೂ ಕಡೆ ಗೋಡೆಯ ದಪ್ಪದಷ್ಟು ಕಡಿಮೆಯಾಗಿ, ಹಾಸಿಗೆಯನ್ನು ಒತ್ತಿ ತುರುಕಬೇಕಾಗುತ್ತದೆ.

ಹಾಗಾದರೆ ಎಲ್ಲರೂ ಐದಡಿಯನ್ನೇ ಯಾಕೆ ಕಟ್ಟುವುದಿಲ್ಲ? ಮೂರು ಕಾರಣ. ನಾಲ್ಕಡಿಯದಾದರೆ ಛಾವಣಿ ಮತ್ತು ನೆಲಕ್ಕೆ ಹಾಳೆಯ ಅಗಲವೇ ಸಾಕು, ಐದಡಿಗೆ ಹಾಳೆ ಜೋಡಿಸಬೇಕು, ಪ್ರತಿ ಜೋಡಣೆಯೂ ನೀರಿಗೆ ಒಂದು ಬಾಗಿಲು. ನಾಲ್ಕಡಿಯದು ಸಣ್ಣ ಕಾರಿನ ಬೆನ್ನಿಗೆ ಅಡಗುತ್ತದೆ, ಹಾಗಾಗಿ ಗಾಳಿಯ ಎಳೆತ ಕಡಿಮೆ. ತೂಕವೂ ಕಡಿಮೆ. ನನ್ನ ಮಾತು ಕೇಳುವುದಾದರೆ, ಒಬ್ಬರೇ ಹೋಗುವವರು ನಾಲ್ಕು, ಇಬ್ಬರು ಹೋಗುವವರು ಐದು. ಈ ಒಂದು ವಿಷಯದಲ್ಲಿ ಜಿಪುಣತನ ಬೇಡ. ಅಗಲವನ್ನು ಆಮೇಲೆ ಯಾರೂ ಹೆಚ್ಚಿಸಿಲ್ಲ.

ತೂಕದ ಮಾತು ಬಂತಲ್ಲ. ಮನೆಯಲ್ಲಿ ಕಟ್ಟಿದ ಟಿಯರ್‌ಡ್ರಾಪ್‌ಗಳು ಸಾಮಾನ್ಯವಾಗಿ 350ರಿಂದ 600 ಕೆಜಿ ತೂಗುತ್ತವೆ. ಹಲವು ದೇಶಗಳಲ್ಲಿ 750 ಕೆಜಿ ದಾಟಿದರೆ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಬೇಕು ಅನ್ನುವ ನಿಯಮ ಇದೆ. ನಿಮ್ಮ ಕಾರು ಎಷ್ಟು ಎಳೆಯಬಹುದು, ಹಿಚ್ಚಿನ ಮೇಲೆ, ಅಂದರೆ ಕಾರಿನ ಹಿಂದಿನ ಕೊಕ್ಕೆಯ ಮೇಲೆ, ಎಷ್ಟು ಭಾರ ಕೂರಬಹುದು, ಈ ಎರಡು ಅಂಕಿಗಳನ್ನು ಕಾರಿನ ಪುಸ್ತಕದಲ್ಲಿ ನೋಡದೆ ಒಂದು ಹಲಗೆಯನ್ನೂ ಕೊಯ್ಯಬೇಡಿ.

ಚಾಸಿ: ಕೊಳ್ಳುವುದೋ, ಹಳೆಯದೋ, ವೆಲ್ಡ್ ಮಾಡುವುದೋ?

ಚಾಸಿ ಅಂದರೆ ಪೆಟ್ಟಿಗೆಯನ್ನು ಹೊರುವ ಕಬ್ಬಿಣದ ಕೊಳವೆಗಳ ಚೌಕಟ್ಟು. ಬೋಲ್ಟ್ ಹಾಕಿ ಜೋಡಿಸುವ ಕಿಟ್ ಚಾಸಿ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಆಕ್ಸಲ್, ಚಕ್ರ, ದೀಪ ಎಲ್ಲ ಅದರ ಜೊತೆಗೇ ಬರುತ್ತವೆ. ಮಡಚುವ ಮಾದರಿಯಾದರೆ ಮಡಿಕೆಯ ಜಾಗವನ್ನು ಬೋಲ್ಟ್ ಹಾಕಿ ಗಟ್ಟಿ ಮಾಡಿಕೊಳ್ಳಬೇಕು. ಇದರ ದೊಡ್ಡ ಕೊರತೆ ಅಂದರೆ ಮೂಕಿ ಗಿಡ್ಡ. ಗಾಡಿಯ ಮೂಕಿಯ ಹಾಗೆ ಮುಂದೆ ಚಾಚಿಕೊಂಡು ಕಾರಿಗೆ ಕೊಕ್ಕೆ ಹಾಕುವ ಕಂಬ ಇದು. ಅದು ಗಿಡ್ಡವಾದರೆ ರಿವರ್ಸ್ ತೆಗೆಯುವಾಗ ಟ್ರೇಲರ್ ಪಟಕ್ಕನೆ ತಿರುಗಿ ಕಾರಿನ ಮೂಲೆಗೆ ಬಡಿಯುತ್ತದೆ. ಉದ್ದದ ಮೂಕಿ ನಿಧಾನವಾಗಿ ತಿರುಗುತ್ತದೆ, ಹೊಸಬರ ತಪ್ಪನ್ನು ಕ್ಷಮಿಸುತ್ತದೆ.

ಹಳೆಯ ದೋಣಿ ಟ್ರೇಲರ್ ಸಿಕ್ಕರೆ ಮೂಕಿ ಉದ್ದವೇ ಇರುತ್ತದೆ, ಸತುವಿನ ಲೇಪವೂ ಇರಬಹುದು. ಆದರೆ ದೋಣಿ ಟ್ರೇಲರ್ ಅಂದರೆ ಚಕ್ರದ ಮಟ್ಟದವರೆಗೆ ನೀರಿಗಿಳಿದು ಬಂದದ್ದು. ಕೊಳವೆಯ ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನಿಂದ ತುಕ್ಕು ತಿಂದಿರಬಹುದು. ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಡಬ್ ಅಂದರೆ ಕೈಮುಗಿದು ವಾಪಸ್ ಬನ್ನಿ. ಕೊಂಡರೂ ಬೇರಿಂಗ್‌ಗಳನ್ನು ಹೊಸದಾಗಿ ಹಾಕಿಸಲೇಬೇಕು.

ನೀವೇ ವೆಲ್ಡ್ ಮಾಡಿದರೆ ಅಳತೆ ನಿಮ್ಮದು. 50 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಕೊಳವೆ ಮೀಟರಿಗೆ 4 ಕೆಜಿ ಚಿಲ್ಲರೆ ತೂಗುತ್ತದೆ. ಭಯದಿಂದ ಹೆಚ್ಚು ಅಡ್ಡಪಟ್ಟಿ ಹಾಕುತ್ತಾ ಹೋದರೆ ಚಾಸಿಯೇ ಆನೆಯಾಗುತ್ತದೆ. ಮೇಲೆ ಕೂರುವ ಮರದ ಪೆಟ್ಟಿಗೆ ತಾನೇ ಬಹಳ ಗಟ್ಟಿ, ಅದು ಚಾಸಿಗೂ ಬಲ ಕೊಡುತ್ತದೆ ಅನ್ನುವುದು ನೆನಪಿರಲಿ. ವೆಲ್ಡಿಂಗ್ ಈಗಷ್ಟೇ ಕಲಿತವರು ಅಡ್ಡಪಟ್ಟಿಗಳನ್ನು ಬೇಕಾದರೆ ಹಾಕಲಿ, ಮೂಕಿಯ ಜೋಡಣೆಯನ್ನು ಮಾತ್ರ ಕೈ ಪಳಗಿದವರಿಂದ ಮಾಡಿಸಿ. ಸತುವಿನ ಲೇಪವಿರುವ ಕಬ್ಬಿಣವನ್ನು ಲೇಪ ಕೆರೆಯದೆ ವೆಲ್ಡ್ ಮಾಡಬೇಡಿ, ಆ ಹೊಗೆ ಜ್ವರ ತರಿಸುತ್ತದೆ. ಇನ್ನೊಂದು ಮಾತು: ತೂತು ಕೊರೆಯಬೇಕಾದರೆ ಕೊಳವೆಯ ಪಕ್ಕದ ಮುಖದ ನಡುವೆ ಕೊರೆಯಿರಿ. ಮೇಲಿನ ಮತ್ತು ಕೆಳಗಿನ ಮುಖಗಳೇ ಹೆಚ್ಚು ಎಳೆತ, ಒತ್ತಡ ತಡೆಯುವುದು.

ಮೊದಲ ಟ್ರೇಲರ್ ಆದರೆ ಕಿಟ್ ತಗೊಳ್ಳಿ, ಮೂಕಿಯನ್ನು ಉದ್ದ ಮಾಡಿಸಿಕೊಳ್ಳಿ. ಬೋಲ್ಟ್ ಚಾಸಿಗೆ ಇನ್ನೊಂದು ಅನುಕೂಲವೂ ಇದೆ, ಅದು ಮುಂದೆ ಬರುತ್ತದೆ.

ಆಕ್ಸಲ್: ಯಾವುದು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ದೊಡ್ಡದು

ಎರಡು ಬಗೆ ಇವೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಹಳೆಯದು, ಅಗ್ಗ, ಎಲ್ಲಿ ಮುರಿದರೂ ಯಾರಾದರೂ ರಿಪೇರಿ ಮಾಡುತ್ತಾರೆ. ಟಾರ್ಷನ್ ಆಕ್ಸಲ್‌ನಲ್ಲಿ ಸ್ಪ್ರಿಂಗ್ ಇಲ್ಲ. ಚೌಕ ಕೊಳವೆಯೊಳಗೆ ರಬ್ಬರ್ ಬಳ್ಳಿಗಳು ಹಿಂಡಿಕೊಂಡು ಕೆಲಸ ಮಾಡುತ್ತವೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಅದರ ಪೆಟ್ಟು ಹೆಚ್ಚು ತಾಗುವುದಿಲ್ಲ. ಸವಾರಿ ಮೆತ್ತಗೆ, ಸದ್ದು ಕಡಿಮೆ. ಆದರೆ ರಬ್ಬರ್ ಹಳತಾದರೆ ರಿಪೇರಿ ಇಲ್ಲ, ಇಡೀ ಆಕ್ಸಲ್ ಬದಲಾಯಿಸಬೇಕು.

ಎರಡಕ್ಕೂ ಒಂದೇ ಕಾಯಿಲೆ ಇದೆ: ಶಕ್ತಿ ಜಾಸ್ತಿಯಾದರೆ ಕುಣಿತ. 900 ಕೆಜಿ ಹೊರುವ ಆಕ್ಸಲ್ ಮೇಲೆ 450 ಕೆಜಿ ಟ್ರೇಲರ್ ಕೂರಿಸಿದರೆ ಸ್ಪ್ರಿಂಗ್ ಆಗಲಿ ರಬ್ಬರ್ ಆಗಲಿ ಹೆಚ್ಚು ಬಗ್ಗುವುದೇ ಇಲ್ಲ. ಒಳಗಿನ ಪಾತ್ರೆಗಳು ದಾರಿಯುದ್ದಕ್ಕೂ ತಾಳ ಹಾಕುತ್ತವೆ, ಸ್ಕ್ರೂಗಳು ಸಡಿಲವಾಗುತ್ತವೆ. "ಇರಲಿ ಬಿಡು, ಗಟ್ಟಿ ಇದ್ದಷ್ಟೂ ಒಳ್ಳೆಯದು" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಲೀಫ್ ಸ್ಪ್ರಿಂಗ್ ಆದರೆ ಒಂದು ಪಟ್ಟಿ ತೆಗೆದು ಮೆತ್ತಗೆ ಮಾಡಬಹುದು. ಟಾರ್ಷನ್ ಆದರೆ ಕೊಳ್ಳುವಾಗಲೇ ನಿಮ್ಮ ತೂಕ ಹೇಳಿ ಮಾಡಿಸಿಕೊಳ್ಳಬೇಕು. ಅಂದರೆ ಕಟ್ಟುವ ಮುಂಚೆಯೇ ನಿಮಗೆ ತೂಕ ಗೊತ್ತಿರಬೇಕು. ಮೊದಲ ಸಲ ಕಟ್ಟುವವರಿಗೆ ಅದು ಹೇಗೆ ಗೊತ್ತಿರುತ್ತದೆ, ಅಲ್ವಾ? ಅದಕ್ಕೇ ಹೊಸಬರಿಗೆ ನನ್ನ ಓಟು ಲೀಫ್ ಸ್ಪ್ರಿಂಗ್‌ಗೆ.

ಈಗ ಎಲ್ಲಿ ಅನ್ನುವ ಪ್ರಶ್ನೆ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಮುರಿಯುತ್ತದೆ. ಕಾರಿನ ಹಿಂದೆ ಹಿಂಭಾರದ ಟ್ರೇಲರ್ ಇನ್ನೂ ಅಪಾಯ: ವೇಗ ಹೆಚ್ಚಾದಂತೆ ಅದು ಹಾವಿನ ಹಾಗೆ ಅತ್ತಿತ್ತ ಬಳುಕಲು ಶುರು ಮಾಡಿ, ಕೊನೆಗೆ ಕಾರನ್ನೇ ಎಳೆದಾಡುತ್ತದೆ. ಒಟ್ಟು ತೂಕದ 10ರಿಂದ 15 ಶೇಕಡಾ ಭಾರ ಹಿಚ್ಚಿನ ಮೇಲೆ ಕೂರಬೇಕು ಅನ್ನುವುದು ಅಮೆರಿಕದವರ ಲೆಕ್ಕ. ಯುರೋಪಿನ ಕಾರುಗಳ ಹಿಚ್ ಮಿತಿ ಸಣ್ಣದಾದ್ದರಿಂದ ಅಲ್ಲಿ ಇದಕ್ಕಿಂತ ಕಡಿಮೆ ಇಡುತ್ತಾರೆ. ನಿಮ್ಮ ಕಾರಿನ ಮಿತಿಯನ್ನು ಮಾತ್ರ ಯಾವತ್ತೂ ದಾಟಬಾರದು.

ಒಂದು ಲೆಕ್ಕ ಮಾಡೋಣ. ಟ್ರೇಲರ್ 450 ಕೆಜಿ, ಹಿಚ್ಚಿನಿಂದ ಆಕ್ಸಲ್‌ಗೆ 3 ಮೀಟರ್. ಇಡೀ ಟ್ರೇಲರ್‌ನ ಭಾರದ ನಡುಬಿಂದು ಆಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದೆ ಇದೆ ಅಂದುಕೊಳ್ಳಿ. ಹಿಚ್ ಮೇಲೆ 45 ಕೆಜಿ ಕೂರುತ್ತದೆ, ಅಂದರೆ ಸರಿಯಾಗಿ 10 ಶೇಕಡಾ. ಈಗ ಹಿಂದಿನ ಅಡುಗೆಕಟ್ಟೆಗೆ ನೀರಿನ ಕ್ಯಾನು, ಐಸ್ ಪೆಟ್ಟಿಗೆ, ಪಾತ್ರೆ ತುಂಬಿ. ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ 40 ಕೆಜಿ ಬಂತು. ಹಿಚ್ ಮೇಲಿನ ಭಾರ 13 ಕೆಜಿಯಷ್ಟು ಇಳಿದು 32ಕ್ಕೆ ಬಂತು. ಒಟ್ಟು ತೂಕ 490 ಆಯಿತು. ಶೇಕಡಾ ಆರೂವರೆ! ಮನೆಯ ಮುಂದೆ ಖಾಲಿ ಟ್ರೇಲರ್ ತೂಗಿ ನೋಡಿದವರು "ಎಲ್ಲ ಸರಿ ಇದೆ" ಅಂದುಕೊಂಡು ಹೊರಟಿರುತ್ತಾರೆ.

ಅದಕ್ಕೆ ಎರಡು ಉಪಾಯ. ಒಂದು, ಆಕ್ಸಲ್ಲನ್ನು ಮೊದಲೇ ಪಕ್ಕಾ ಮಾಡಬೇಡಿ. ಬೋಲ್ಟ್‌ನಲ್ಲಿ ನಿಲ್ಲಿಸಿ, ಪೆಟ್ಟಿಗೆ ಮುಗಿದ ಮೇಲೆ, ಅಡುಗೆ ಸಾಮಾನು ತುಂಬಿ, ಮೂಕಿಯ ತುದಿಯನ್ನು ಮನೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿ. ಟ್ರೇಲರ್ ಸಮಮಟ್ಟದಲ್ಲಿರಬೇಕು, ಮೂಕಿಯ ತುದಿ ಹಿಚ್ಚಿನ ಎತ್ತರದಲ್ಲೇ ಇರಬೇಕು. ಬೇಕಾದಷ್ಟು ಸರಿಸಿ, ಆಮೇಲೆ ಬಿಗಿ ಮಾಡಿ. ಬೋಲ್ಟ್ ಚಾಸಿಯ ಅನುಕೂಲ ಅಂದದ್ದು ಇದನ್ನೇ. ಇನ್ನೊಂದು, ಸಾಮಾನಿನ ಪೆಟ್ಟಿಗೆಯೋ ಬ್ಯಾಟರಿಯೋ ಮೂಕಿಯ ಮೇಲೆ ಕೂರುವಂತೆ ಮಾಡಿ, ಹಿಂದಿನ ಭಾರಕ್ಕೆ ಅದು ಎದುರುಭಾರವಾಗುತ್ತದೆ.

ಚಕ್ರದ ಬಗ್ಗೆ ಎರಡೇ ಮಾತು. ತೀರಾ ಸಣ್ಣ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಬೇರಿಂಗ್ ಬಿಸಿಯಾಗುತ್ತದೆ. ಕಾರಿನ ಚಕ್ರವೇ ಟ್ರೇಲರ್‌ಗೂ ಆಗುವಂತೆ ಬೋಲ್ಟ್ ಅಳತೆ ಹೊಂದಿಸಿಕೊಂಡರೆ ಸ್ಟೆಪ್ನಿ ಒಂದೇ ಸಾಕು.

ಗೋಡೆ: ಗಟ್ಟಿ ಪ್ಲೈವುಡ್, ಸ್ಯಾಂಡ್‌ವಿಚ್, ಫೋಮ್

ಸುಲಭದ ದಾರಿ 18 ಮಿಲಿಮೀಟರ್ ಪ್ಲೈವುಡ್ಡನ್ನು ಹನಿಯ ಆಕಾರಕ್ಕೆ ಕೊಯ್ದು ನಿಲ್ಲಿಸುವುದು. ಒಂದೇ ದಿನದಲ್ಲಿ ಟ್ರೇಲರ್‌ಗೆ ಮುಖ ಬರುತ್ತದೆ, ಮನೆಯವರಿಗೂ ನಂಬಿಕೆ ಬರುತ್ತದೆ. ಸ್ಕ್ರೂ ಎಲ್ಲಿ ಹಾಕಿದರೂ ಹಿಡಿಯುತ್ತದೆ. ಆದರೆ ಒಂದು ಹಾಳೆ 30 ಕೆಜಿ ಆಸುಪಾಸು ತೂಗುತ್ತದೆ. ಚಳಿಯ ರಾತ್ರಿ ಬೆಳಗಾದರೆ ಗೋಡೆಯ ಒಳಮೈ ಒದ್ದೆ. ಇಬ್ಬರ ಉಸಿರಿನ ತೇವ ತಣ್ಣನೆಯ ಹಲಗೆಯ ಮೇಲೆ ನೀರಾಗಿ ಕೂರುತ್ತದೆ. ಹಾಸಿಗೆಯ ಅಡಿಯಲ್ಲಿ ಬೂಷ್ಟು ಬರುವುದು ಹೀಗೇ.

ಎರಡನೆಯದು ಸ್ಯಾಂಡ್‌ವಿಚ್. ಮರದ ಚೌಕಟ್ಟು, ಅದರ ಸಂದುಗಳಲ್ಲಿ ಎಕ್ಸ್‌ಪಿಎಸ್ ಫೋಮ್, ಒಳಗೂ ಹೊರಗೂ ತೆಳು ಪ್ಲೈ. ಎಕ್ಸ್‌ಪಿಎಸ್ ಅಂದರೆ ಥರ್ಮಾಕೋಲಿನ ಜಾತಿಯದೇ, ಆದರೆ ಒತ್ತಾದದ್ದು, ನೀರು ಹೀರದ್ದು. ಒಂದಿಂಚು ಎಕ್ಸ್‌ಪಿಎಸ್ ತಡೆಯುವಷ್ಟು ಚಳಿಯನ್ನು ತಡೆಯಲು ಸುಮಾರು ನಾಲ್ಕಿಂಚು ದಪ್ಪದ ಪ್ಲೈವುಡ್ ಬೇಕು. ವೈರುಗಳೂ ಗೋಡೆಯೊಳಗೇ ಮುಚ್ಚಿಹೋಗುತ್ತವೆ. ಕಷ್ಟ ಏನೆಂದರೆ ಎಲ್ಲವನ್ನೂ ಮೊದಲೇ ಯೋಚಿಸಿರಬೇಕು. ದೀಪ ಇಲ್ಲಿ, ಕಪಾಟು ಇಲ್ಲಿ, ಬಾಗಿಲ ಕೀಲು ಇಲ್ಲಿ ಅಂತ ಮುಂಚೆಯೇ ಗುರುತು ಮಾಡಿ ಅಲ್ಲೆಲ್ಲ ಮರ ಕೂರಿಸಿರಬೇಕು. ಮುಚ್ಚಿದ ಮೇಲೆ ನೆನಪಾದರೆ ಸ್ಕ್ರೂ ಫೋಮಿನೊಳಗೆ ಗಿರಗಿರ ತಿರುಗುತ್ತದೆ. ಮುಚ್ಚುವ ಮುಂಚೆ ಪ್ರತಿ ಗೋಡೆಯ ಪಕ್ಕ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ.

ಮೂರನೆಯದು ಬರೀ ಫೋಮ್. 40 ಅಥವಾ 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಹಾಳೆಗಳನ್ನೇ ಗೋಡೆ ಮಾಡಿ, ಮೇಲೆ ಹತ್ತಿಯ ಕ್ಯಾನ್ವಾಸ್ ಬಟ್ಟೆಯನ್ನು ನೀರಿಗೆ ಬಿಡದ ಮರದ ಗೋಂದಿನಲ್ಲಿ ಅಂಟಿಸಿ, ಹೊರಗೋಡೆಗೆ ಬಳಿಯುವ ಬಣ್ಣವನ್ನು ಹಲವು ಪದರ ಬಳಿಯುವುದು. ಮೊದಲ ಸಲ ಕೇಳಿದಾಗ ನನಗೂ ನಗು ಬಂತು. ಆದರೆ 40 ಮಿಲಿಮೀಟರಿನ ಒಂದು ದೊಡ್ಡ ಹಾಳೆ ಮೂರ್ನಾಲ್ಕು ಕೆಜಿ ತೂಗಿದರೆ ಹೆಚ್ಚು. ಮರವೇ ಇಲ್ಲದ ಕಡೆ ಕೊಳೆಯುವುದಕ್ಕೆ ಏನೂ ಇಲ್ಲ. ಎಲ್ಲಾದರೂ ಹರಿದರೆ ತೇಪೆ ಹಾಕಿ ಬಣ್ಣ ಹೊಡೆದರಾಯಿತು. ಸಣ್ಣ ಕಾರು ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಕೊಂಬೆ ತಿವಿದರೆ ಗುಳಿ ಬೀಳುತ್ತದೆ ಅನ್ನುವುದು ನಿಜ. ಬಾಗಿಲು, ಕಿಟಕಿ, ಛಾವಣಿಯ ಫ್ಯಾನು ಕೂರುವ ಕಡೆ ಮರದ ತುಂಡು ಸೇರಿಸಲೇಬೇಕು.

ಫೋಮ್ ಮುಟ್ಟುವವರೆಲ್ಲ ಒಂದು ಎಚ್ಚರಿಕೆ ಗೋಡೆಗೆ ಬರೆದಿಟ್ಟುಕೊಳ್ಳಿ: ಸಾಲ್ವೆಂಟ್ ಇರುವ ಗೋಂದು, ಸ್ಪ್ರೇ ಪೇಂಟು, ಪಾಲಿಯೆಸ್ಟರ್ ರೆಸಿನ್ ಇವು ಎಕ್ಸ್‌ಪಿಎಸ್ಸನ್ನು ಬೆಣ್ಣೆಯ ಹಾಗೆ ಕರಗಿಸುತ್ತವೆ. ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ಕರಗಿಸುವುದಿಲ್ಲ, ನೀರು ಬೆರೆಸುವ ಗೋಂದೂ ಕರಗಿಸುವುದಿಲ್ಲ. ಯಾವುದೇ ಡಬ್ಬಿ ತೆರೆದರೂ ಮೊದಲು ಒಂದು ತುಂಡು ಫೋಮಿನ ಮೇಲೆ ಹಚ್ಚಿ ನೋಡಿ.

ಪ್ಲೈವುಡ್ ಆರಿಸುವಾಗ ದೋಣಿಗೆ ಬಳಸುವ ಮರೀನ್ ಬೇಕಾ ಅಂತ ಕೇಳುತ್ತಾರೆ. ಹೊರಾಂಗಣ ದರ್ಜೆಯ ಪ್ಲೈನಲ್ಲೂ ನೀರು ತಡೆಯುವ ಗೋಂದೇ ಇರುತ್ತದೆ. ಮರೀನ್‌ನಲ್ಲಿ ಒಳಪದರಗಳಲ್ಲಿ ಟೊಳ್ಳು ಇರುವುದಿಲ್ಲ, ಮರ ಒಳ್ಳೆಯದಿರುತ್ತದೆ. ಗೋಡೆಗೆ ಮರೀನ್ ಹಾಕಿ ಅಂಚನ್ನು ಹಾಗೇ ಬಿಡುವುದಕ್ಕಿಂತ, ಸಾಧಾರಣ ಪ್ಲೈ ಹಾಕಿ ಪ್ರತಿ ಅಂಚಿಗೂ, ಪ್ರತಿ ತೂತಿಗೂ ಎಪಾಕ್ಸಿ ಕುಡಿಸುವುದು ಎಷ್ಟೋ ವಾಸಿ. ಪ್ಲೈ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ. ಎಂಡಿಎಫ್, ಪಾರ್ಟಿಕಲ್ ಬೋರ್ಡು ಒಳಗಿನ ಕಪಾಟಿಗೂ ಬೇಡ.

ಹೊರಮೈ: ತಗಡು, ಎಪಾಕ್ಸಿ, ಬಣ್ಣ

ಹಳೆಯ ಟಿಯರ್‌ಡ್ರಾಪ್‌ಗಳ ಬೆಳ್ಳಿ ಹೊಳಪು ಅಲ್ಯೂಮಿನಿಯಂದು. 0.8ರಿಂದ 1 ಮಿಲಿಮೀಟರ್ ದಪ್ಪದ ತಗಡು ಸಾಕು. ವರ್ಷವಿಡೀ ಬಯಲಿನಲ್ಲೇ ನಿಲ್ಲುವ ಟ್ರೇಲರ್‌ಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ತಗಡನ್ನು ಪ್ಲೈಗೆ ಪೂರ್ತಿ ಗೋಂದು ಹಚ್ಚಿ ಅಂಟಿಸುವವರಿದ್ದಾರೆ, ಅಲ್ಲೇ ಎಡವಟ್ಟು. ಎರಡೂವರೆ ಮೀಟರ್ ಹತ್ತಿರದ ತಗಡು ರಾತ್ರಿಯ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 40 ಡಿಗ್ರಿ ಏರಿದರೆ ಎರಡು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಕೆಳಗಿನ ಮರ ಅಷ್ಟು ಹಿಗ್ಗುವುದಿಲ್ಲ. ಹೋಗಲು ಜಾಗವಿಲ್ಲದ ತಗಡು ಹಪ್ಪಳದ ಹಾಗೆ ಉಬ್ಬುತ್ತದೆ. ತಗಡು ತೇಲುತ್ತಿರಲಿ, ಅಂಚುಗಳನ್ನು ಮಾತ್ರ ಟ್ರಿಮ್ ಪಟ್ಟಿ ಹಿಡಿದಿರಲಿ, ತಗಡಿನ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ. ತಾಮ್ರದ ರಸಾಯನದಲ್ಲಿ ಅದ್ದಿದ ಮರಕ್ಕೆ ಅಲ್ಯೂಮಿನಿಯಂ ತಾಗಬಾರದು, ತಗಡನ್ನು ಅದು ತಿನ್ನುತ್ತದೆ.

ಟ್ರಿಮ್ ಅಡಿಗೆ ಸಿಲಿಕೋನ್ ಬೇಡ, ಬ್ಯುಟೈಲ್ ಅನ್ನುವ ಜಿಗುಟು ರಬ್ಬರಿನ ಟೇಪ್ ಹಾಕಿ. ಸಿಲಿಕೋನ್ ಒಮ್ಮೆ ಕೂತ ಕಡೆ ಬಣ್ಣವೂ ಹಿಡಿಯುವುದಿಲ್ಲ, ಹೊಸ ಸಿಲಿಕೋನೂ ಹಿಡಿಯುವುದಿಲ್ಲ. ಬ್ಯುಟೈಲ್ ವರ್ಷಗಟ್ಟಲೆ ಮೆತ್ತಗಿದ್ದು, ಬೇಕೆಂದಾಗ ಬಿಚ್ಚಲು ಬಿಡುತ್ತದೆ.

ಮರದ ಎಳೆ ಕಾಣಬೇಕು ಅನ್ನುವವರಿಗೆ ಎಪಾಕ್ಸಿ ಮತ್ತು ತೆಳುವಾದ ಗಾಜಿನ ಎಳೆಯ ಬಟ್ಟೆ. ಬಟ್ಟೆ ಎಪಾಕ್ಸಿ ಕುಡಿದು ಕಾಣದಂತಾಗುತ್ತದೆ, ಒಳ್ಳೆಯ ದೋಣಿಯ ಚೆಲುವು ಬರುತ್ತದೆ. ನೋಡಿದವರೆಲ್ಲ ನಿಂತು ಮುಟ್ಟುತ್ತಾರೆ. ಆದರೆ ಬಿಸಿಲಿಗೆ ಎಪಾಕ್ಸಿ ತಡೆಯುವುದಿಲ್ಲ, ಮೇಲೆ ಬಿಸಿಲು ತಡೆಯುವ ವಾರ್ನಿಷ್ ಬೇಕು, ಅದನ್ನು ಆಗಾಗ ಹೊಸದಾಗಿ ಬಳಿಯುತ್ತಿರಬೇಕು. ಕೈಗವಸು ಇಲ್ಲದೆ ಎಪಾಕ್ಸಿ ಮುಟ್ಟಬೇಡಿ. ಮೊದಲ ಹತ್ತು ಸಲ ಏನೂ ಆಗದಿರಬಹುದು, ಹನ್ನೊಂದನೇ ಸಲ ಮೈ ಕೆರೆತ ಶುರುವಾಗಿ ಮತ್ತೆ ಬಿಡುವುದೇ ಇಲ್ಲ. ಶೆಡ್ಡಿನಲ್ಲಿ ನಿಲ್ಲುವ ಟ್ರೇಲರ್‌ಗೆ ಇದು ಸರಿ.

ಬರೀ ಬಣ್ಣ? ಅಗ್ಗ, ಬೇಗ. ಪ್ಲೈ ಮೇಲೆ ನೇರ ಬಳಿದರೆ ವರ್ಷ ಕಳೆಯುವಷ್ಟರಲ್ಲಿ ಸೂಕ್ಷ್ಮ ಬಿರುಕು ಕಾಣುತ್ತದೆ. ಅಡಿಯಲ್ಲಿ ಕ್ಯಾನ್ವಾಸ್ ಅಂಟಿಸಿ ಬಳಿದರೆ ಬಾಳಿಕೆ ಬರುತ್ತದೆ.

ಹಿಂಬಾಗಿಲು: ಎಲ್ಲರೂ ಸೋಲುವ ಜಾಗ

ಟ್ರೇಲರ್ ಸೋರಿತು ಅಂತ ಯಾರಾದರೂ ಹೇಳಿದರೆ, ಎಲ್ಲಿ ಅಂತ ಕೇಳುವುದೇ ಬೇಡ. ಅಡುಗೆಕಟ್ಟೆಯ ಮೇಲೆ ಏಳುವ ಬಾಗಿದ ಮುಚ್ಚಳವೇ ಆಗಿರುತ್ತದೆ.

ನನ್ನದು ಹೀಗಾಯಿತು. ಮುಚ್ಚಳದ ಒಳಗಿನ ಮರದ ಪಕ್ಕೆಲುಬುಗಳನ್ನು ಗೋಡೆಯ ಆಕಾರಕ್ಕೆ ಸರಿಯಾಗಿ ಕೊಯ್ದೆ. ಮೇಲೆ ತೆಳು ಪ್ಲೈ ಬಗ್ಗಿಸಿ ಅಂಟಿಸಿದೆ. ಕ್ಲಾಂಪ್ ತೆಗೆದ ದಿನ ಕೂದಲೆಳೆ ಸಂದೂ ಇರಲಿಲ್ಲ. ಎರಡು ವಾರದಲ್ಲಿ ಕೆಳತುದಿ ಎರಡು ಸೆಂಟಿಮೀಟರ್ ಎದ್ದು ನಿಂತಿತ್ತು. ಬಗ್ಗಿಸಿದ ಪ್ಲೈ ತನ್ನ ಹಳೆಯ ನೇರಕ್ಕೆ ಮರಳಲು ಒದ್ದಾಡುತ್ತಲೇ ಇರುತ್ತದೆ, ಪಕ್ಕೆಲುಬನ್ನೂ ಜೊತೆಗೆ ಎಳೆಯುತ್ತದೆ. ಜೊತೆಗೆ ಮುಚ್ಚಳ ಎತ್ತಿ ಹಿಡಿಯಲು ನಾನು ಹಾಕಿದ್ದ ಗ್ಯಾಸ್ ಸ್ಟ್ರಟ್‌ಗಳೂ ಮುಚ್ಚಿದಾಗ ಒಳಗಿನಿಂದ ತಳ್ಳುತ್ತಲೇ ಇದ್ದವು. ಎರಡನೇ ಸಲ ಪಕ್ಕೆಲುಬನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಾಗಿಸಿ ಕೊಯ್ದೆ. ಒಂದು ದಪ್ಪ ಪದರದ ಬದಲು ಎರಡು ತೆಳು ಪದರ, ಒಳಗೊಂದು ಹೊರಗೊಂದು, ಟ್ರೇಲರ್ ಮೇಲೆಯೇ ಇಟ್ಟು ಅಂಟಿಸಿದೆ. ಸ್ಟ್ರಟ್ ಬಿಟ್ಟು ಒಂದು ಮರದ ಕೋಲು ಕೊಟ್ಟೆ. ನೋಡಲು ಬಡತನ. ಆದರೆ ಇವತ್ತಿನವರೆಗೆ ಏಳಲಿಲ್ಲ.

ಕೀಲಿಗೆ ಎರಡು ಆಯ್ಕೆ. ಉದ್ದನೆಯ ಪಿಯಾನೋ ಕೀಲು ಹಾಕಿ ಮೇಲೆ ರಬ್ಬರ್ ಪಟ್ಟಿ ಹೊದಿಸುವುದು ಒಂದು. ರಬ್ಬರ್ ಬಿಸಿಲಿಗೆ ಒಡೆಯುತ್ತದೆ, ಕೀಲಿನ ಗಂಟುಗಳ ಸಂದಿನಿಂದ ನೀರು ಜಿನುಗುತ್ತದೆ. ಹರಿಕೇನ್ ಕೀಲು ಅಂತ ಇನ್ನೊಂದು. ಎರಡು ಅಲ್ಯೂಮಿನಿಯಂ ಪಟ್ಟಿಗಳು ಉದ್ದಕ್ಕೂ ಒಂದರೊಳಗೊಂದು ಸಿಕ್ಕಿಕೊಂಡು ತಿರುಗುತ್ತವೆ. ಪಿನ್ನಿಲ್ಲ, ಗಂಟಿಲ್ಲ, ನೀರು ಮೇಲಿಂದ ಹರಿದು ಹೋಗುತ್ತದೆ. ಇಲ್ಲಿ ಯೋಚಿಸಬೇಕಾದ್ದೇ ಇಲ್ಲ, ಎರಡನೆಯದನ್ನೇ ಹಾಕಿ.

ಇನ್ನು ಪಕ್ಕದ ಸಂದು. ರಬ್ಬರ್ ಸೀಲ್ ಒತ್ತಿ ನೀರನ್ನು ಪೂರ್ತಿ ತಡೆಯುತ್ತೇನೆ ಅನ್ನುವುದು ಒಂದು ದಾರಿ. ನೀರು ಬಂದೇ ಬರುತ್ತದೆ, ಬಂದದ್ದನ್ನು ಹೊರಗೆ ಕಳಿಸುತ್ತೇನೆ ಅನ್ನುವುದು ಇನ್ನೊಂದು. ನನಗೆ ಎರಡನೆಯದರ ಮೇಲೆ ನಂಬಿಕೆ. ಗೋಡೆಯ ಅಂಚಿನ ಒಳಗೆ ಸಣ್ಣ ಕಾಲುವೆ ಮಾಡಿ, ಸೀಲ್ ದಾಟಿ ಬಂದ ನೀರು ಅದರಲ್ಲಿ ಇಳಿದು ಕೆಳಗಿನಿಂದ ಹೊರಬೀಳುವಂತೆ ಮಾಡಿ. ಕಾರಿನ ಡಿಕ್ಕಿಯ ಮುಚ್ಚಳ ಎತ್ತಿ ನೋಡಿ, ಸುತ್ತಲೂ ಇದೇ ಉಪಾಯ ಕಾಣುತ್ತದೆ.

ಇದೆಲ್ಲ ಬೇಡಪ್ಪಾ ಅನ್ನುವವರು ಹಿಂಭಾಗವನ್ನು ನೇರವಾಗಿ ಕತ್ತರಿಸಿ ಚಪ್ಪಟೆ ಬಾಗಿಲು ಇಡಬಹುದು. ಹನಿಯ ಬಾಲ ಹೋಗುತ್ತದೆ, ಗಾಳಿಯ ಎಳೆತ ಸ್ವಲ್ಪ ಹೆಚ್ಚುತ್ತದೆ. ಪ್ರತಿಯಾಗಿ ಅಡುಗೆಕಟ್ಟೆಯ ಮೇಲೆ ಕಪಾಟಿಗೆ ಜಾಗ ಸಿಗುತ್ತದೆ, ಬಾಗಿಲನ್ನು ಯಾರು ಬೇಕಾದರೂ ಮಾಡಬಹುದು. ಮರಗೆಲಸ ಹೊಸತಾದವರು ಅಭಿಮಾನ ಪಕ್ಕಕ್ಕಿಟ್ಟು ಇದನ್ನು ಯೋಚಿಸಿ.

ಪಕ್ಕದ ಬಾಗಿಲು, ಗಾಳಿ

ಸೊಳ್ಳೆಪರದೆ, ಕಿಟಕಿ, ಬೀಗ ಎಲ್ಲ ಇರುವ ಸಿದ್ಧ ಬಾಗಿಲು ಕೊಂಡರೆ ವಾರಗಟ್ಟಲೆ ಕೆಲಸ ಉಳಿಯುತ್ತದೆ. ಗೋಡೆಯಿಂದ ಕೊಯ್ದ ತುಂಡನ್ನೇ ಬಾಗಿಲು ಮಾಡಿದರೆ ಅಂದ ಹೆಚ್ಚು, ಕರ್ಚು ಕಡಿಮೆ, ಆದರೆ ಮೇಲೆ ಹನಿಪಟ್ಟಿ ಹಾಕಲೇಬೇಕು. ಇಬ್ಬರು ಮಲಗುವುದಾದರೆ ಎರಡೂ ಕಡೆ ಬಾಗಿಲು ಇಡಿ. ರಾತ್ರಿ ಎರಡು ಗಂಟೆಗೆ ಒಬ್ಬರ ಮೇಲೊಬ್ಬರು ಹತ್ತಿ ಇಳಿಯುವ ಜಗಳ ತಪ್ಪುತ್ತದೆ.

ಛಾವಣಿಯ ಫ್ಯಾನಿಗೆ 14 ಇಂಚು ಚೌಕದ ತೂತು ಮಾಡಿ, ಅದು ಎಲ್ಲ ಕಡೆ ನಡೆಯುವ ಅಳತೆ. ಮುಂದೆ ಫ್ಯಾನು ಕೆಟ್ಟರೂ ಬೇರೆಯದು ಕೂರುತ್ತದೆ. ಗಾಳಿ ಒಳಬರಲು ಕೆಳಗೂ ಒಂದು ಕಿಂಡಿ ಇರಬೇಕು, ಇಲ್ಲದಿದ್ದರೆ ಫ್ಯಾನು ಸುಮ್ನೆ ತಿರುಗುತ್ತದೆ. ಇಷ್ಟು ಸಣ್ಣ ಪೆಟ್ಟಿಗೆಯೊಳಗೆ ಒಲೆಯಾಗಲಿ, ಕೆಂಡವಾಗಲಿ, ಗ್ಯಾಸ್ ಹೀಟರ್ ಆಗಲಿ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಅದರ ಅಲಾರಂ ಒಂದನ್ನು ತಲೆದೆಸೆಯಲ್ಲಿ ಹಾಕಿ.

ಕರೆಂಟು

ಇದನ್ನು ಕೊನೆಗೆ ಇಟ್ಟಿದ್ದೇ ಬೇಕಂತ. ರಾತ್ರಿಯಿಡೀ ಫ್ಯಾನು 12 ಆಂಪಿಯರ್ ಅವರ್ (ಬ್ಯಾಟರಿಯ ಕರೆಂಟು ಅಳೆಯುವ ಲೆಕ್ಕ), ದೀಪ 4, ಫೋನುಗಳು 4. ಒಟ್ಟು 20. 100 ಆಂಪಿಯರ್ ಅವರ್‌ನ ಎಜಿಎಂ ಅನ್ನುವ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೆ ಬಾಳಿಕೆ ಚೆನ್ನಾಗಿರುತ್ತದೆ, ಅಂದರೆ ಎರಡು ರಾತ್ರಿ. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ನಾಲ್ಕು ರಾತ್ರಿ ಬರುತ್ತದೆ. ತೂಕ ಸುಮಾರು 12 ಕೆಜಿ, ಎಜಿಎಂ 30ರ ಹತ್ತಿರ. ಲಿಥಿಯಂ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ತಮಾಷೆ ಅಂದರೆ, ನಿಮ್ಮ ಟ್ರೇಲರ್ ಹಿಂಭಾರವಾಗಿದ್ದರೆ ಮೂಕಿಯ ಮೇಲೆ ಕೂತ ಆ 30 ಕೆಜಿಯ ಮುದುಕ ಬ್ಯಾಟರಿಯೇ ಉಪಕಾರಿ. ಯಾವುದೇ ಆಗಲಿ, ಪ್ಲಸ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ತೀರ್ಮಾನ ಆಗದಿದ್ದರೆ ಮೊದಲ ವರ್ಷ ಬ್ಯಾಟರಿ, ಪ್ಲಗ್ ಎಲ್ಲ ಒಂದರಲ್ಲೇ ಇರುವ, ಹಿಡಿಕೆಯಿರುವ ಪವರ್ ಸ್ಟೇಷನ್ ಪೆಟ್ಟಿಗೆ ಒಂದನ್ನು ಇಟ್ಟುಕೊಂಡು ಹೋಗಿ ಬನ್ನಿ. ನಿಮಗೆ ಎಷ್ಟು ಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ.

ಪರದೆ, ಕಪಾಟು, ಒಳಬಣ್ಣ ಇವುಗಳಿಗೆ ಕೈ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಯಾರಾದರೂ ಟಾರ್ಚ್ ಹಿಡಿದು ಒಳಗೆ ಕೂರಲಿ, ಎಲ್ಲ ಬಾಗಿಲು ಮುಚ್ಚಲಿ. ನೀವು ಹೊರಗೆ ಪೈಪ್ ಹಿಡಿದು ಕೆಳಗಿನಿಂದ ಶುರು ಮಾಡಿ, ಒಂದೊಂದು ಜೋಡಣೆಗೆ ಐದೈದು ನಿಮಿಷ ನೀರು ಬಿಡುತ್ತಾ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಒಳಗಿನವರು ಕೂಗಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಣಗಿಸಿ, ಬಿಚ್ಚಿ, ಬ್ಯುಟೈಲ್ ಹಾಕಿ, ಮತ್ತೆ ನೀರು ಬಿಡಿ. ನಮ್ಮ ಟ್ರೇಲರ್‌ನಲ್ಲಿ ಆ ದಿನ ಒಳಗೆ ಕೂತವರು ನನ್ನ ಹೆಂಡತಿ. ಮೊದಲ ಸುತ್ತಿನಲ್ಲಿ ಏಳು ಕಡೆ ಕೂಗಿದರು, ಮೂರನೇ ಸುತ್ತಿನಲ್ಲಿ ಸದ್ದೇ ಇಲ್ಲ. ಏನಾಯಿತೋ ಅಂತ ಬಾಗಿಲು ತೆಗೆದು ನೋಡಿದರೆ ನಿದ್ದೆ ಹೋಗಿದ್ದರು.